ಸ್ಟೇ ಸಿಕ್ಕರೆ ಗೆದ್ದ ಹಾಗಲ್ಲ: ಹೈಕೋರ್ಟ್ ಆದೇಶ ನಮ್ಮ ಜಿಲ್ಲೆಗೆ ಏನು ಹೇಳುತ್ತದೆ?

ಶಿರಸಿಯಲ್ಲಿ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. 'ಹೈಕೋರ್ಟಲ್ಲಿ ಆಯ್ತಲ್ಲ, ಇನ್ನೇನು' ಎಂಬ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತದೆ. ಹಾಗೆ ಹೇಳುವವರ ಕೈಯಲ್ಲಿ ಧಾರವಾಡದ ಹೈಕೋರ್ಟ್ ಪೀಠದಿಂದ ಬಂದ ಆದೇಶದ ನಾಲ್ಕೈದು ಹಾಳೆ ಇರುತ್ತದೆ. ಮೊದಲ ಹಾಳೆ ತುಂಬ ಹೆಸರು, ವಿಳಾಸ. ನಡುವಿನ ಇಂಗ್ಲಿಷನ್ನು ಯಾರೂ ಓದಿರುವುದಿಲ್ಲ. ಕೊನೆಯ ಪ್ಯಾರಾದ ಫೋಟೋ ಮಾತ್ರ ಆಗಲೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿರುತ್ತದೆ. ಕೆಳಗೆ ಅಭಿನಂದನೆಗಳ ಸಾಲು.

ಆ ನಡುವಿನ ಹಾಳೆ ಓದಿದರೆ ಬಹಳ ಸಲ ಅಲ್ಲಿ ಗೆಲುವೂ ಇರುವುದಿಲ್ಲ, ಸೋಲೂ ಇರುವುದಿಲ್ಲ. 'ಅರ್ಜಿದಾರರ ಮನವಿಯನ್ನು ಕಾನೂನು ಪ್ರಕಾರ ಪರಿಗಣಿಸಿ ತೀರ್ಮಾನಿಸಿ' ಎಂದು ಅಧಿಕಾರಿಗೆ ಹೇಳಿರುತ್ತದೆ, ಅಷ್ಟೇ. ಅಂದರೆ ವಿಷಯ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂತು. ಜಮೀನು ಯಾರದ್ದು ಎಂದು ಹೈಕೋರ್ಟ್ ಹೇಳಿಲ್ಲ. ಅರ್ಜಿಯನ್ನು ಕಪಾಟಿನಲ್ಲಿ ಇಟ್ಟು ಕೂರಬೇಡಿ ಎಂದು ಹೇಳಿದೆ. ಎರಡೂ ಒಂದೇ ಅಲ್ಲ ಅಲ್ವಾ?

ಉತ್ತರ ಕನ್ನಡದಲ್ಲಿ ಈ ವ್ಯತ್ಯಾಸ ಬೇರೆ ಕಡೆಗಿಂತ ಜಾಸ್ತಿ ಮುಖ್ಯ. ಇಲ್ಲಿ ಅರಣ್ಯ, ಗೇಣಿ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ದೇವಸ್ಥಾನ, ಬಂದರು ಎಲ್ಲವೂ ಒಂದಲ್ಲ ಒಂದು ಕಾಲಕ್ಕೆ ಮೇಲಿನ ಕೋರ್ಟಿನ ಮೆಟ್ಟಿಲು ಹತ್ತಿವೆ. ಆದೇಶ ಬಂದಾಗ ನಾವು ಕೇಳುವ ಪ್ರಶ್ನೆ 'ಯಾರು ಗೆದ್ದರು' ಎಂಬುದು. ಕೇಳಬೇಕಾದ್ದು ಬೇರೆ. ಕೋರ್ಟ್ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು? ಯಾವುದನ್ನು ಮುಟ್ಟದೆ ಬಿಟ್ಟಿತು?

ಧಾರವಾಡಕ್ಕೆ ಹೋಗುವ ದಾರಿ

2008ರ ಜುಲೈ ತನಕ ನಮ್ಮವರು ಅಪೀಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಕಾರವಾರದಿಂದ ಐನೂರು ಕಿಲೋಮೀಟರ್ ದಾಟುತ್ತದೆ. ರಾತ್ರಿ ಬಸ್ಸು, ಬೆಳಿಗ್ಗೆ ಲಾಡ್ಜಿನಲ್ಲಿ ಸ್ನಾನ, ಮಧ್ಯಾಹ್ನ 'ಇವತ್ತು ಬರಲಿಲ್ಲ' ಎಂಬ ಉತ್ತರ, ಮತ್ತೆ ರಾತ್ರಿ ಬಸ್ಸು. ಆ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಈಗ ಶಿರಸಿಯಿಂದ ಬೆಳಿಗ್ಗೆ ಹೊರಟರೆ ಕಲಾಪದ ಹೊತ್ತಿಗೆ ಮುಟ್ಟಬಹುದು. ಕೇಸಿನ ನಂಬರು ಒಂದು ಲಕ್ಷದ ಸಾಲಿನಲ್ಲಿ ಶುರುವಾಗಿದ್ದರೆ ಅದು ಧಾರವಾಡದ ಕೇಸು ಎಂದು ವಕೀಲರ ಗುಮಾಸ್ತರು ನೋಡಿದ ಕೂಡಲೇ ಹೇಳುತ್ತಾರೆ. ಎರಡು ಲಕ್ಷದ ಸಾಲು ಕಲಬುರಗಿಯದ್ದು.

ದಾರಿ ಹತ್ತಿರವಾಯಿತು. ಆದರೆ ಬಾಗಿಲು ಅಗಲವಾಗಲಿಲ್ಲ. ಆಸ್ತಿ ದಾವೆಯಲ್ಲಿ ಮೊದಲ ಅಪೀಲು ಮಾಡುವಾಗ ಸಾಕ್ಷಿ, ದಾಖಲೆ ಎಲ್ಲವನ್ನೂ ಮತ್ತೆ ತೂಗಿ ನೋಡಬಹುದು. ಎರಡನೇ ಅಪೀಲು, ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಆರ್‌ಎಸ್‌ಎ, ಹಾಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನ ಪ್ರಕಾರ ಅಲ್ಲಿ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು. 'ಗಡಿಕಲ್ಲು ಹಲಸಿನ ಮರದ ಆಚೆ ಇತ್ತು, ಸಾಕ್ಷಿ ಸುಳ್ಳು ಹೇಳಿದ' ಎಂಬುದು ಕಾನೂನು ಪ್ರಶ್ನೆ ಅಲ್ಲ. ಎಷ್ಟೇ ಸತ್ಯವಾಗಿದ್ದರೂ ಅಲ್ಲ. ಕೆಳಗಿನ ಎರಡೂ ಕೋರ್ಟು ಒಂದೇ ತೀರ್ಮಾನಕ್ಕೆ ಬಂದಿದ್ದರೆ, ಹೈಕೋರ್ಟಿನಲ್ಲಿ ಅದನ್ನು ಅಲ್ಲಾಡಿಸುವುದು ಬಹಳ ಕಷ್ಟ. ಅಪೀಲು ವಜಾ ಆದಾಗ 'ನಮ್ಮ ಮಾತು ಕೇಳಲೇ ಇಲ್ಲ' ಎಂದು ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಅವರ ಬೇಜಾರು ಸುಳ್ಳಲ್ಲ. ಆದರೆ ಆ ಮಾತು ಹೇಳುವ ಜಾಗ ಕೆಳಗಿನ ಕೋರ್ಟೇ ಆಗಿತ್ತು.

ತಡೆ ಎಂಬ ಮಾಯೆ

ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ. ಬಹಳ ಜನ ನಿಲ್ಲುತ್ತದೆ ಎಂದೇ ತಿಳಿದಿದ್ದಾರೆ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು, ಕೋರ್ಟ್ ಬೇರೆಯಾಗಿ ಕೊಡಬೇಕು. ಎದುರು ಪಾರ್ಟಿ ಮೊದಲೇ ಕೇವಿಯೆಟ್, ಅಂದರೆ 'ನಮ್ಮನ್ನು ಕೇಳದೆ ಆದೇಶ ಕೊಡಬೇಡಿ' ಎಂಬ ಅರ್ಜಿ, ಹಾಕಿದ್ದರೆ ಅವರಿಗೂ ನೋಟಿಸು ಹೋಗಬೇಕು. ಆ ಕೇವಿಯೆಟ್ 90 ದಿನ ಮಾತ್ರ ಜೀವಂತ.

ತಡೆ ಸಿಕ್ಕ ಮೇಲೆ ಅದು ಎಷ್ಟು ದಿನ? ಇಲ್ಲಿ ಇತ್ತೀಚೆಗೆ ಒಂದು ದೊಡ್ಡ ತಿರುವು ಬಂತು. ಸಿವಿಲ್, ಕ್ರಿಮಿನಲ್ ವಿಚಾರಣೆಗೆ ಕೊಟ್ಟ ತಡೆ ಆರು ತಿಂಗಳಾದರೆ ತಾನಾಗಿ ಬಿದ್ದು ಹೋಗುತ್ತದೆ, ಕಾರಣ ಬರೆದು ಮುಂದುವರಿಸಿದರೆ ಮಾತ್ರ ಉಳಿಯುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕೇಸು ಎಳೆಯುವವರಿಗೆ ಕಡಿವಾಣ ಹಾಕುವುದು ಅದರ ಉದ್ದೇಶ. ಆದರೆ ಪೆಟ್ಟು ಬಿದ್ದದ್ದು ಬೇರೆಯವರಿಗೂ ಹೌದು. ಹೈಕೋರ್ಟಿನಲ್ಲಿ ಕೇಸು ಪಟ್ಟಿಗೇ ಬರದಿದ್ದರೆ ಅದು ಕಕ್ಷಿದಾರನ ತಪ್ಪೇ? ತಡೆ ಮಾತ್ರ ಆರು ತಿಂಗಳಿಗೆ ಸತ್ತಿರುತ್ತಿತ್ತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ನಿಯಮವನ್ನು ತೆಗೆದುಹಾಕಿತು. ತಡೆ ತಾನಾಗಿ ಬೀಳುವುದಿಲ್ಲ. ತೆಗೆಯಬೇಕಾದರೆ ಎರಡೂ ಕಡೆ ಕೇಳಿ, ಕಾರಣ ಕೊಟ್ಟು ತೆಗೆಯಬೇಕು.

ನನಗೆ ಇದು ಸರಿ ಅನ್ನಿಸುತ್ತದೆ, ಆದರೆ ಪೂರ್ತಿ ಖುಷಿಯಿಂದ ಅಲ್ಲ. ಈಗ ಹತ್ತು ವರ್ಷ ಹಳೆಯ ತಡೆಯೂ ಆರಾಮಾಗಿ ಕೂತಿರಬಹುದು. ಅಡಿಕೆ ಗಿಡ ನೆಟ್ಟು ಫಸಲು ತೆಗೆಯುವಷ್ಟು ಕಾಲ ಅದು.

ತಡೆ, ಮಧ್ಯಂತರ ಆದೇಶ, ಕೊನೆಯ ತೀರ್ಪು ಇವು ಎಷ್ಟು ಬೇರೆ ಬೇರೆ ಎಂದು ನೋಡಲು ಗೋಕರ್ಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 2008ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಮಹಾಬಲೇಶ್ವರ ದೇವಸ್ಥಾನವನ್ನು ಮುಜರಾಯಿ ಪಟ್ಟಿಯಿಂದ ಬಿಟ್ಟಿತು. ಆಡಳಿತ ರಾಮಚಂದ್ರಾಪುರ ಮಠಕ್ಕೆ ಹೋಯಿತು. ಅದನ್ನು ಪ್ರಶ್ನಿಸಿದವರಿಗೆ ಹೈಕೋರ್ಟಿನಿಂದ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು. 2018ರ ಆಗಸ್ಟ್ 10ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಅರವಿಂದ ಕುಮಾರ್ ಅವರ ಪೀಠ ಸರ್ಕಾರದ ಆದೇಶವನ್ನು ರದ್ದು ಮಾಡಿತು. ಮೇಲ್ವಿಚಾರಣೆಗೆ ಸಮಿತಿ ಇರಲಿ ಎಂದಿತು. ಊರಲ್ಲಿ ಒಂದು ಗುಂಪು 'ಮುಗೀತು' ಎಂದಿತು.

ಮುಗಿದಿರಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಮಧ್ಯಂತರ ಆದೇಶದ ಬಲದಲ್ಲಿ ಆಡಳಿತ ಮತ್ತೆ ಮಠದ ಕೈಗೆ ಬಂತು. ಇನ್ನೊಂದು ಗುಂಪು 'ಮುಗೀತು' ಎಂದಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಂದು ಮಧ್ಯಂತರ ಆದೇಶ ಕೊಟ್ಟು, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಆಡಳಿತ ಒಪ್ಪಿಸಲು ಹೇಳಿತು. ಆತ್ಮಲಿಂಗ ಇದ್ದಲ್ಲೇ ಇತ್ತು. ಬೀಗದ ಕೈ ಮಾತ್ರ ಮೂರು ಸಲ ಓಡಾಡಿತು.

ಇದರಲ್ಲಿ ಕಾನೂನಿನ ಮಾತು ಯಾವುದು? ಬೀಗದ ಕೈ ಯಾರ ಹತ್ತಿರ ಎಂಬುದಲ್ಲ. ಮುಜರಾಯಿ ಕಾಯ್ದೆಯ ಕೆಳಗೆ ಬಂದ ದೇವಸ್ಥಾನವನ್ನು ಸರ್ಕಾರ ಒಂದು ಆದೇಶದಿಂದ ಬಿಟ್ಟುಕೊಡಬಹುದೇ ಎಂಬುದು. ಹೈಕೋರ್ಟ್ ಉತ್ತರಿಸಿದ್ದು ಆ ಪ್ರಶ್ನೆಗೆ. ಸುಪ್ರೀಂ ಕೋರ್ಟಿನ ಎರಡು ಮಧ್ಯಂತರ ಆದೇಶಗಳು ಕೇಸು ಮುಗಿಯುವ ತನಕ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಮಾತ್ರ. ನಮ್ಮ ಪೇಟೆಯ ಚರ್ಚೆಗಳಲ್ಲಿ ಇವೆರಡೂ ಕಲಸಿ ಹೋದವು.

ಗೋಕರ್ಣದ್ದೇ ಇನ್ನೊಂದು, ಚಿಕ್ಕದು. 2025ರ ಜುಲೈನಲ್ಲಿ ರಾಮತೀರ್ಥ ಗುಡ್ಡದ ಗುಹೆಯಲ್ಲಿ ಒಬ್ಬ ರಷ್ಯನ್ ತಾಯಿ, ಇಬ್ಬರು ಮಕ್ಕಳು ಸಿಕ್ಕಿದ್ದು ಟಿವಿಯಲ್ಲಿ ವಾರಗಟ್ಟಲೆ ಓಡಿತು. ಅದೇ ತಿಂಗಳು ಹೈಕೋರ್ಟ್ ಅವರನ್ನು ತಕ್ಷಣ ಗಡಿಪಾರು ಮಾಡಬೇಡಿ ಎಂದಿತು. 'ಇಲ್ಲೇ ಇರಲು ಬಿಟ್ಟರು' ಎಂದು ಸುದ್ದಿಯಾಯಿತು. ಸೆಪ್ಟೆಂಬರ್‌ನಲ್ಲಿ ರಷ್ಯಾದಿಂದ ಪ್ರಯಾಣದ ಕಾಗದ ಬಂದ ಮೇಲೆ ಅದೇ ಹೈಕೋರ್ಟ್ ಹೋಗಲು ಅನುಮತಿ ಕೊಟ್ಟಿತು. ಕೋರ್ಟ್ ಮನಸ್ಸು ಬದಲಿಸಿತೇ? ಇಲ್ಲ. ಎರಡೂ ಸಲ ನೋಡಿದ್ದು ಮಕ್ಕಳ ಹಿತವನ್ನೇ. ಮೊದಲು ಕಾಗದ ಇರಲಿಲ್ಲ, ಆಮೇಲೆ ಇತ್ತು.

ಬೇಲೆಕೇರಿ ಅದಿರಿನ ವಿಷಯಕ್ಕೂ ಇದೇ ಕಣ್ಣು ಬೇಕು. ಜಪ್ತಿ ಮಾಡಿದ್ದ ಕಬ್ಬಿಣದ ಅದಿರು ಬಂದರಿನಿಂದ ಹೊರಗೆ ಹೋದ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಕಾರವಾರ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಏಳು ವರ್ಷದ ಶಿಕ್ಷೆ ಹೇಳಿತು. ನವೆಂಬರ್‌ನಲ್ಲಿ ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿತು. ಒಂದು ಕಡೆ ಪಟಾಕಿ, ಇನ್ನೊಂದು ಕಡೆ 'ಎಲ್ಲ ಸೆಟ್ಟಿಂಗು' ಎಂಬ ಗೊಣಗಾಟ. ಎರಡೂ ಅವಸರದ ಮಾತೇ. ಶಿಕ್ಷೆ ಅಮಾನತು ಎಂದರೆ ಖುಲಾಸೆ ಅಲ್ಲ. ಅಪೀಲು ತೀರ್ಮಾನವಾಗಲು ವರ್ಷಗಳು ಹಿಡಿಯಬಹುದು, ಅಷ್ಟರಲ್ಲಿ ಶಿಕ್ಷೆಯನ್ನು ಜೈಲಿನಲ್ಲಿ ಅನುಭವಿಸಿ ಮುಗಿದರೆ ಆಮೇಲೆ ಗೆದ್ದರೂ ಏನು ಪ್ರಯೋಜನ ಎಂಬ ಯೋಚನೆ ಅದರ ಹಿಂದೆ ಇದೆ. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ಆ ಹಂತದಲ್ಲಿ ಹೈಕೋರ್ಟ್ ಹೇಳುವುದಿಲ್ಲ.

ಅತಿಕ್ರಮಣದಾರ ಎಂಬ ಹೆಸರು

ಈಗ ಕಾಡಿನ ಮಾತು. ಜಿಲ್ಲೆಯ ಬಹುಪಾಲು ನೆಲ ಅರಣ್ಯದ ಲೆಕ್ಕದಲ್ಲೇ ಇದೆ. ಅಜ್ಜನ ಕಾಲದಿಂದ ಗದ್ದೆ ಮಾಡಿದವರೂ ಕಾಗದದಲ್ಲಿ ಅತಿಕ್ರಮಣದಾರರೇ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಚಿಗುರಿತು. ಬುಡಕಟ್ಟಿನವರಿಗೆ 2005ರ ಡಿಸೆಂಬರ್ 13ಕ್ಕಿಂತ ಮುಂಚಿನ ವಾಸ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1930ರಲ್ಲಿ ಕಾಡಂಚಿನಲ್ಲಿ ಗುಡಿಸಲು ಕಟ್ಟಿದವನ ಹತ್ತಿರ ಯಾವ ದಾಖಲೆ ಇರುತ್ತದೆ ಹೇಳಿ? ಅರ್ಜಿಗಳು ರಾಶಿ ರಾಶಿ ತಿರಸ್ಕಾರವಾದದ್ದು ಈ ಒಂದು ಸಾಲಿನ ಮೇಲೆಯೇ.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕಾರವಾದವರನ್ನು ಒಕ್ಕಲೆಬ್ಬಿಸಬೇಕು ಎಂದು ರಾಜ್ಯಗಳಿಗೆ ಹೇಳಿತು. ಶಿರಸಿ, ಸಿದ್ದಾಪುರ, ಹೊನ್ನಾವರ, ಎಲ್ಲ ಕಡೆ ಗಾಬರಿ. ಹದಿನೈದೇ ದಿನಕ್ಕೆ, ಫೆಬ್ರವರಿ 28ರಂದು, ಅದೇ ಕೋರ್ಟ್ ತನ್ನ ಆದೇಶವನ್ನು ತಡೆಹಿಡಿಯಿತು. ತಿರಸ್ಕರಿಸುವಾಗ ರಾಜ್ಯಗಳು ಸರಿಯಾದ ಕ್ರಮ ಪಾಲಿಸಿದವೇ ಎಂಬುದನ್ನು ಮೊದಲು ಹೇಳಲಿ ಎಂದಿತು.

ಆ ತಡೆಯ ನೆರಳಲ್ಲಿ ಇಲ್ಲಿಯ ಸಾವಿರಾರು ಮನೆಗಳು ಮಳೆಗಾಲಗಳನ್ನು ಕಳೆದಿವೆ. ಆದರೆ ಅದು ಹಕ್ಕುಪತ್ರ ಅಲ್ಲ. ಅರ್ಜಿಯನ್ನೇ ಹಾಕದವರ ವಿಷಯ ಆ ಆದೇಶದಲ್ಲಿ ಇಲ್ಲವೇ ಇಲ್ಲ. 2005ರ ನಂತರ ಬೇಲಿ ಹಾಕಿದವರದ್ದೂ ಇಲ್ಲ. 'ಸುಪ್ರೀಂ ಕೋರ್ಟ್ ಸ್ಟೇ ಇದೆ' ಎಂಬ ಒಂದು ಮಾತನ್ನು ಎಲ್ಲರೂ ಕೊಡೆಯ ಹಾಗೆ ಬಿಚ್ಚಿ ಹಿಡಿಯುತ್ತಾರೆ. ಕೊಡೆ ಅಷ್ಟು ದೊಡ್ಡದಲ್ಲ.

ದೊಡ್ಡ ಬಲ ಇರುವುದು ಕಾಯ್ದೆಯಲ್ಲೇ. 4ನೇ ಕಲಮಿನ 5ನೇ ಉಪಕಲಮು, ಅರ್ಜಿಯ ಪರಿಶೀಲನೆ ಪೂರ್ತಿ ಮುಗಿಯುವ ತನಕ ಅರಣ್ಯವಾಸಿಯನ್ನು ಎಬ್ಬಿಸಬಾರದು ಎನ್ನುತ್ತದೆ. ಪರಿಶೀಲನೆ ಎಂದರೆ ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಮೂರೂ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, ಮೇಲೆ ಹೋಗಲು 60 ದಿನ ಕೊಡಬೇಕು. ಆ ಕಾರಣದ ಕಾಗದ ನಿಮ್ಮ ಕೈ ಸೇರಿಲ್ಲದಿದ್ದರೆ ಕೋರ್ಟಿನಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ ವಾದ. 75 ವರ್ಷದ ಕತೆ ಅದರ ನಂತರದ್ದು.

ವಿಳಂಬ ಬೇರೆ, ಕಾಲಮಿತಿ ಬೇರೆ

ಇಷ್ಟು ಹೊತ್ತು ಹೇಳಿದ್ದು ತೀರ್ಮಾನ ಆಗದ ಆದೇಶಗಳ ಕತೆ. ನಿಜಕ್ಕೂ ಕಾನೂನು ಏನೆಂದು ಗಟ್ಟಿ ಮಾಡಿದ ತೀರ್ಪುಗಳಿಗೆ ನಮ್ಮ ಕಡೆ ಪಟಾಕಿ ಹೊಡೆದವರಿಲ್ಲ. ಅಂಥ ಒಂದು 2024ರ ಜುಲೈ ಕೊನೆಯಲ್ಲಿ ಹಾವೇರಿ ಜಿಲ್ಲೆಯ ಕೇಸಿನಲ್ಲಿ ಧಾರವಾಡ ಪೀಠದಿಂದ ಬಂತು. ವಿಷಯ ಪಿಟಿಸಿಎಲ್, ಅಂದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಮಾರಿದರೆ ಆ ಮಾರಾಟ ಊರ್ಜಿತವಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಅಸಿಸ್ಟೆಂಟ್ ಕಮಿಷನರ್ ಜಮೀನನ್ನು ವಾಪಸು ಕೊಡಿಸಬಹುದು. ಯಾವಾಗ ಅರ್ಜಿ ಹಾಕಬೇಕು ಎಂದು ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಕಾಲಮಿತಿ ಬರೆದಿಲ್ಲ ನಿಜ, ಆದರೂ ಸಮಂಜಸ ಸಮಯದೊಳಗೆ ಬರಬೇಕು ಎಂದಿತು. ಅಲ್ಲಿಂದ ಕೇಸುಗಳು ಸಾಲಾಗಿ ಬಿದ್ದವು. ಇಪ್ಪತ್ತು, ಇಪ್ಪತ್ತೈದು ವರ್ಷ ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿತು. ದಲಿತ ಸಂಘಟನೆಗಳು ಹೋರಾಡಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿತು: ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಕೇಸುಗಳಿಗೂ ಇದೇ ಅನ್ವಯ.

ಧಾರವಾಡ ಪೀಠ ಹೇಳಿದ್ದು ಇಷ್ಟು. ಕಾಯ್ದೆಯಲ್ಲಿ ಕಾಲಮಿತಿ ಮೊದಲೂ ಇರಲಿಲ್ಲ, ತಿದ್ದುಪಡಿ ಅದನ್ನೇ ಮತ್ತೆ ಹೇಳಿದೆ. ಕಾಲಮಿತಿ ಶಾಸನ ಹಾಕುವ ಗೆರೆ. ವಿಳಂಬ ಎಂಬುದು ನ್ಯಾಯದ ತಕ್ಕಡಿಯ ಮಾತು. ಒಂದನ್ನು ತೆಗೆದರೆ ಇನ್ನೊಂದು ಹೋಗುವುದಿಲ್ಲ. ಹಾಗಾಗಿ 2017ರ ಮಾತು ಉಳಿಯಿತು.

ವಾದ ಚೊಕ್ಕವಾಗಿದೆ, ಒಪ್ಪುತ್ತೇನೆ. ಆದರೂ ಮನಸ್ಸಿಗೆ ಪೂರ್ತಿ ಇಳಿಯುವುದಿಲ್ಲ. ಶಾಸನಸಭೆ ಯಾವ ತೀರ್ಪಿಗೆ ಉತ್ತರವಾಗಿ ತಿದ್ದುಪಡಿ ತಂದಿತು ಎಂಬುದು ಎಲ್ಲರಿಗೂ ಗೊತ್ತು. ಆ ಉತ್ತರಕ್ಕೆ ಏನೂ ಅರ್ಥವಿಲ್ಲ ಎಂದಾದರೆ ಅವರು ಸುಮ್ನೆ ಕೈ ಎತ್ತಿದ ಹಾಗಾಯಿತಲ್ಲ? ಇನ್ನೊಂದು ಕಡೆಯನ್ನೂ ನೋಡಬೇಕು. ಮುಂಡಗೋಡಿನ ಬಯಲಲ್ಲಿ ಮೂವತ್ತು ವರ್ಷದ ಹಿಂದೆ ಎರಡೆಕರೆ ಕೊಂಡು, ಬೋರ್ ಹೊಡೆಸಿ, ತೋಟ ಮಾಡಿದ ಸಣ್ಣ ರೈತನೂ ಈ ಕಾಯ್ದೆಯ ಎದುರು ನಿಲ್ಲುತ್ತಾನೆ. ಪಹಣಿಯಲ್ಲಿ ಮಂಜೂರಿ ಷರತ್ತು ಕಾಣದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ಮಾರಿದ ಕುಟುಂಬಕ್ಕೂ ಕಾಯ್ದೆ ಗೊತ್ತಿರಲಿಲ್ಲ, ಕೊಂಡವನಿಗೂ ಗೊತ್ತಿರಲಿಲ್ಲ. ತಡವಾದದ್ದಕ್ಕೆ ಲೆಕ್ಕ ತೆರುವವರು ಮಾತ್ರ ಒಬ್ಬರೇ.

ಆದರೆ ತೀರ್ಪು ಎಷ್ಟು ವರ್ಷವಾದರೆ ತಡ ಎಂದು ಒಂದು ಅಂಕಿ ಕೊಟ್ಟಿಲ್ಲ. ಆ ಸಂದಿ ಮುಖ್ಯ. ಏಕೆ ತಡವಾಯಿತು ಎಂದು ಅರ್ಜಿಯಲ್ಲೇ ಬರೆಯುವುದು ಇನ್ನು ಮುಂದೆ ಅರ್ಧ ಕೇಸು. 'ಅಪ್ಪ ತೀರಿಕೊಂಡ ಮೇಲೆ ಕಾಗದ ಸಿಕ್ಕಿತು' ಎಂದರೆ ಯಾವಾಗ, ಎಲ್ಲಿ, ಯಾವ ಕಾಗದ ಎಂದು ಬರೆಯಬೇಕು. ಕುಮಟಾ ಆಗಲಿ ಭಟ್ಕಳ ಆಗಲಿ, ಎಸಿ ಕಚೇರಿಗೆ ಕೊಡುವ ಅರ್ಜಿಯಲ್ಲಿ ಈ ಪ್ಯಾರಾ ಇಲ್ಲದಿದ್ದರೆ ಧಾರವಾಡದಲ್ಲಿ ಅದನ್ನು ಸೇರಿಸುವುದು ಕಷ್ಟ.

ಕೇಸು ಬಾಕಿ ಇದ್ದಾಗ ಕಾನೂನು ಬದಲಾದರೆ

ಇನ್ನೊಂದು ಗಟ್ಟಿ ತೀರ್ಪು ಹೆಣ್ಣುಮಕ್ಕಳ ಪಾಲಿನದು. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕಾಗಿಲ್ಲ. ಆ ತಿದ್ದುಪಡಿ ಗಡಿಯಾಗಿ ಇಟ್ಟ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪಟ್ಟಿಯೋ ಕೋರ್ಟ್ ಡಿಕ್ರಿಯೋ ಆಗಿ ಹಂಚಿಕೆ ಮುಗಿದಿದ್ದರೆ ಮಾತ್ರ ಅದನ್ನು ಮುಟ್ಟುವುದಿಲ್ಲ. ಕರ್ನಾಟಕ 1994ರಲ್ಲೇ ಇಂಥ ಹಕ್ಕು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಈಗ ಆ ಬೇಲಿಯೂ ಇಲ್ಲ.

ಇದರ ಬಿಸಿ ಘಟ್ಟದ ಮೇಲಿನ ತೋಟದ ಮನೆಗಳಿಗೆ ಜಾಸ್ತಿ ತಟ್ಟಿದೆ. ಇಲ್ಲಿ ಪಾಲು ಆಗುವುದು ಬಾಯಿಮಾತಿನಲ್ಲಿ. 'ಮೇಲಿನ ತೋಟ ಅಣ್ಣನಿಗೆ, ಕೆಳಗಿನದು ತಮ್ಮನಿಗೆ' ಎಂದು ಹಿರಿಯರ ಎದುರು ಹೇಳಿದರೆ ಆಯಿತು. ಅಂಥ ಮೌಖಿಕ ಪಾಲನ್ನು ಸುಲಭಕ್ಕೆ ನಂಬಬೇಡಿ ಎಂದು ಆ ತೀರ್ಪೇ ಹೇಳಿದೆ. ಸರ್ಕಾರಿ ದಾಖಲೆಯಲ್ಲಿ ಅದರ ಗುರುತು ಗಟ್ಟಿಯಾಗಿ ಇರಬೇಕು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಆಗಿದ್ದರೂ, ಜಾಗ ಗುರುತಿಸಿ ಹಂಚುವ ಅಂತಿಮ ಡಿಕ್ರಿ ಆಗದಿದ್ದರೆ, ಅಥವಾ ಅಪೀಲು ಬಾಕಿ ಇದ್ದರೆ, ಪಾಲಿನ ದಾವೆ ಇನ್ನೂ ಜೀವಂತ. ನಡುವೆ ಕಾನೂನು ಬದಲಾದರೆ ಪಾಲೂ ಬದಲಾಗುತ್ತದೆ. ಎಷ್ಟೋ ಅಣ್ಣತಮ್ಮಂದಿರು ತಮ್ಮ ತಮ್ಮಲ್ಲೇ ಜಗಳವಾಡಿ ಆರ್‌ಎಸ್‌ಎ ಹಾಕಿ, ವರ್ಷಗಟ್ಟಲೆ ಎಳೆದಿದ್ದರು. ಅವರು ಎಳೆದ ಅದೇ ಕೇಸಿನೊಳಗೆ ಅಕ್ಕತಂಗಿಯರ ಪಾಲು ಬಂದು ಕೂತಿತು. ಎಳೆದಿರದಿದ್ದರೆ ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತಿತ್ತು!

'ಸುಪ್ರೀಂ ಕೋರ್ಟ್ ಕೂಡ ಎತ್ತಿ ಹಿಡೀತು' ಎಂಬ ಇನ್ನೊಂದು ಮಾತಿದೆ. ಸ್ವಲ್ಪ ನಿಧಾನ ಮಾಡಬೇಕಾದ ಮಾತು. ವಿಶೇಷ ಅನುಮತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ, ಹೈಕೋರ್ಟ್ ಹೇಳಿದ್ದೇ ದೇಶದ ಕಾನೂನಾಯಿತು ಎಂದಲ್ಲ. ಈ ಕೇಸಿನಲ್ಲಿ ಕೈ ಹಾಕುವುದಿಲ್ಲ ಎಂದಷ್ಟೇ ಅರ್ಥ. 2000ದಲ್ಲಿ ಅದೇ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಹೈಕೋರ್ಟಿನ ಭಾಷೆ ಇಂಗ್ಲಿಷ್. ಸಂವಿಧಾನದ 348ನೇ ವಿಧಿ ಹಾಗೆ ಇಟ್ಟಿದೆ. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಒಂದು ತೀರ್ಪಿನ ಮುಖ್ಯ ಭಾಗವನ್ನು ಕನ್ನಡದಲ್ಲಿ ಓದಿದಾಗ ಅದು ಸುದ್ದಿಯಾಯಿತು. ಕನ್ನಡನಾಡಿನ ಹೈಕೋರ್ಟಿನಲ್ಲಿ ಕನ್ನಡ ಕೇಳಿದ್ದೇ ಸುದ್ದಿ! ಆದೇಶ ಕನ್ನಡದಲ್ಲೇ ಸಿಗುವ ತನಕ ನಡುವಿನ ಹಾಳೆಯನ್ನು ವಕೀಲರ ಹತ್ತಿರ ಕೂತು ಓದಿಸಿಕೊಳ್ಳುವುದೇ ದಾರಿ. ಓದಿಸುವಾಗ ಕೊನೆಯ ಪ್ಯಾರಾದಿಂದ ಹಿಂದಕ್ಕೆ ಹೋಗಿ, 'ವಾದಾಂಶಗಳನ್ನು ಮುಕ್ತವಾಗಿ ಇಡಲಾಗಿದೆ' ಎಂಬ ಸಾಲು ಇದೆಯೇ ಎಂದು ಕೇಳಿ. ಇದ್ದರೆ ಕೋರ್ಟ್ ಏನನ್ನೂ ತೀರ್ಮಾನಿಸಿಲ್ಲ, ಅಂಗಳ ಖಾಲಿ ಇದೆ.

ಆಮೇಲೆ ತಾರೀಕು. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲಿಗೆ 30 ದಿನ, ಹೈಕೋರ್ಟಿಗೆ 90. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಆದರೆ ಪ್ರತಿಗೆ ಅರ್ಜಿ ಕೊಡದೆ ಮನೆಯಲ್ಲಿ ಕೂತ ದಿನಗಳು ಲೆಕ್ಕಕ್ಕೆ ಬರುತ್ತವೆ. ಅರ್ಜಿ ಕೊಟ್ಟ ದಿನ, ಪ್ರತಿ ತಯಾರಾದ ದಿನ, ಕೈಗೆ ಕೊಟ್ಟ ದಿನ ಮೂರೂ ಪ್ರತಿಯ ಮೇಲಿನ ಸೀಲಿನಲ್ಲಿ ಇರುತ್ತವೆ. ಜೆರಾಕ್ಸ್ ಮಾಡಿಸುವಾಗ ಆ ಸೀಲು ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ.